ಕೋಕದ ರಾಶಿಗೆ ಬೀಳುವ ಮೊದಲು: ಎನರ್ಜಿ ಕಂಪನಿಗಳಲ್ಲಿ ನೌಕರರ ರ‍್ಯಾಂಕಿಂಗ್ ಎದುರಿಸುವುದು ಹೇಗೆ

ಶಿರಸಿ ಕಡೆ ಅಡಿಕೆ ಆರಿಸುವುದನ್ನು ನೋಡಿದವರಿಗೆ ಈ ವಿಷಯ ಬೇಗ ತಲೆಗೆ ಹೋಗುತ್ತದೆ. ಸುಲಿದ ಅಡಿಕೆಯನ್ನು ಜಗಲಿ ಮೇಲೆ ಸುರುವಿಕೊಂಡು ಕೂತು, ಒಳ್ಳೆ ಚಾಲಿ ಒಂದು ಕಡೆ, ಬಿಳೆಗೋಟು ಇನ್ನೊಂದು ಕಡೆ, ಎಲ್ಲಕ್ಕಿಂತ ಕೆಳದರ್ಜೆಯ ಕೋಕ ಮತ್ತೊಂದು ಕಡೆ ಅಂತ ಬೇರೆ ಮಾಡುತ್ತಾರೆ. ಕೊಳೆರೋಗ ಜಾಸ್ತಿ ಇದ್ದ ವರ್ಷ ಕೋಕದ ರಾಶಿ ದೊಡ್ಡದು, ಫಸಲು ಚೆನ್ನಾಗಿದ್ದ ವರ್ಷ ಸಣ್ಣದು. ಅಷ್ಟೇ ಲೆಕ್ಕ.

ದೊಡ್ಡ ಎನರ್ಜಿ ಕಂಪನಿಗಳಲ್ಲಿ ಪ್ರತಿವರ್ಷ ನೌಕರರನ್ನು ಮೇಲಿನವರು, ನಡುವಿನವರು, ಕೆಳಗಿನವರು ಅಂತ ಆರಿಸುವ ರೀತಿ ಬೇರೆ. ಅಲ್ಲಿ ನೂರಕ್ಕೆ ಇಷ್ಟು ಕೋಕ ಸಿಗಲೇಬೇಕು ಅಂತ ಆರಿಸಲು ಕೂರುವ ಮೊದಲೇ ತೀರ್ಮಾನವಾಗಿರುತ್ತದೆ. ಇದನ್ನು ಒಮ್ಮೆ ಆಯಿಗೆ ವಿವರಿಸಿದ್ದೆ. ಅವಳು ಕೈಯಲ್ಲಿದ್ದ ಅಡಿಕೆಯನ್ನು ತಿರುಗಿಸಿ ನೋಡುತ್ತಾ, "ಅಡಕೆ ಚೊಲೋ ಇದ್ರೂ ಕೋಕ ತೆಗಿಯವು ಹೇಳಾತಲಾ ತಮಾ?" ಅಂದಳು. ಎಚ್‌ಆರ್‌ನವರು ಎರಡು ಗಂಟೆ ಸ್ಲೈಡ್ ತೋರಿಸಿ ಹೇಳಿದ್ದನ್ನು ಅವಳು ಒಂದು ಸಾಲಿನಲ್ಲಿ ಮುಗಿಸಿದಳು.

ಹದಿನಾಲ್ಕು ವರ್ಷ ಒಂದು ದೊಡ್ಡ ತೈಲ ಕಂಪನಿಯ ಬೆಂಗಳೂರು ಆಫೀಸಿನಲ್ಲಿದ್ದೆ. ಯಾವುದು ಅಂತ ಕೇಳಬೇಡಿ. ಅದರಲ್ಲಿ ಐದು ವರ್ಷ ರ‍್ಯಾಂಕಿಂಗ್ ಮೀಟಿಂಗ್‌ನಲ್ಲಿ ಕೂತು ಬೇರೆಯವರನ್ನು ಆರಿಸಿದ್ದೇನೆ. ಆರನೇ ವರ್ಷ ನನ್ನನ್ನೇ ಆರಿಸಿ ಆಚೆ ಹಾಕಿದರು. ಈಗ ತೋಟ ನೋಡಿಕೊಂಡು, ನೆಟ್‌ವರ್ಕ್ ಇದ್ದ ದಿನ ಒಂದಿಷ್ಟು ಕನ್ಸಲ್ಟಿಂಗ್ ಮಾಡಿಕೊಂಡು ಊರಲ್ಲಿದ್ದೇನೆ. ಕಳೆದ ಚೌತಿಗೆ ಊರಿಗೆ ಹೊರಟಿದ್ದ ಕಾರವಾರದ ಹುಡುಗನೊಬ್ಬ ಪಂಚಗಂಗಾ ಎಕ್ಸ್‌ಪ್ರೆಸ್ ರೈಲಿನಿಂದಲೇ ಫೋನ್ ಮಾಡಿದ. "ಅಣ್ಣಾ, ಕೆಳಗಿನ ರೇಟಿಂಗ್ ಹಾಕಿದ್ದಾರೆ, ಮನೆಯಲ್ಲಿ ಏನು ಹೇಳಲಿ?" ಅವನಪ್ಪ ಕೈಗಾ ಅಣು ವಿದ್ಯುತ್ ಕೇಂದ್ರದಲ್ಲಿ ದುಡಿದು, ಮಲ್ಲಾಪುರ ಟೌನ್‌ಶಿಪ್‌ನಲ್ಲಿ ಶಾಲು ಹೊದೆಸಿಕೊಂಡು ನಿವೃತ್ತರಾದವರು. ಕೆಲಸ ಸರಿಯಾಗಿ ಮಾಡುವವನನ್ನೂ ಮನೆಗೆ ಕಳಿಸುತ್ತಾರೆ ಅನ್ನುವುದು ಅವರಿಗೆ ಹೊಸ ವಿಷಯ. ಅವತ್ತು ಹುಡುಗನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಇದು ಎಲ್ಲಿಂದ ಬಂತು

ಈ ಪದ್ಧತಿಗೆ ಹೆಸರು ತಂದುಕೊಟ್ಟವರು ಜನರಲ್ ಎಲೆಕ್ಟ್ರಿಕ್‌ನ ಜಾಕ್ ವೆಲ್ಚ್. 1981ರಿಂದ 2001ರವರೆಗೆ ಅವರು ಆ ಕಂಪನಿಯ ಮುಖ್ಯಸ್ಥ. ನೂರು ಜನರಲ್ಲಿ ಮೇಲಿನ 20 ಮಂದಿಗೆ ಬೋನಸ್ಸು, ನಡುವಿನ 70 ಮಂದಿಗೆ ಬೆನ್ನು ತಟ್ಟುವುದು, ಕೆಳಗಿನ 10 ಮಂದಿಗೆ ಬಾಗಿಲು ತೋರಿಸುವುದು. ಎನರ್ಜಿ ಕ್ಷೇತ್ರದಲ್ಲಿ ಇದನ್ನು ಅತಿಗೆ ಒಯ್ದದ್ದು ಎನ್ರಾನ್. ಅಲ್ಲಿ 1ರಿಂದ 5ರವರೆಗೆ ಅಂಕ, 5 ಬಂದವರು ಕೆಲವೇ ತಿಂಗಳಲ್ಲಿ ಸುಧಾರಿಸಬೇಕು, ಇಲ್ಲ ಅಂದರೆ ಹೊರಗೆ. 2001ರ ಡಿಸೆಂಬರ್‌ನಲ್ಲಿ ಕಂಪನಿಯೇ ದಿವಾಳಿಯಾಯಿತು. ದಿವಾಳಿಗೆ ಕಾರಣ ಲೆಕ್ಕಪತ್ರದ ಮೋಸ, ನಿಜ. ಆದರೆ ತಪ್ಪು ಕಂಡವರೂ ಬಾಯಿ ಮುಚ್ಚಿಕೊಂಡು ಇದ್ದದ್ದರಲ್ಲಿ ಈ ಅಂಕದ ಭಯಕ್ಕೂ ಪಾಲಿತ್ತು ಅಂತ ಆಮೇಲೆ ಬರೆದವರು ತುಂಬ ಜನ.

ಆಮೇಲೂ ಇದು ನಿಲ್ಲಲಿಲ್ಲ. ಮೈಕ್ರೋಸಾಫ್ಟ್ 2013ರಲ್ಲಿ ಕೈಬಿಟ್ಟಿತು, ಫೋರ್ಡ್ ಕೋರ್ಟು ಕೇಸು ಬಿದ್ದ ಮೇಲೆ ಕೈಬಿಟ್ಟಿತು. ಆದರೆ ಕೆಲವು ತೈಲ ಕಂಪನಿಗಳಲ್ಲಿ ಉಳಿದುಕೊಂಡಿತು. ಎಕ್ಸಾನ್‌ಮೊಬಿಲ್‌ನಲ್ಲಿ 2020ರಲ್ಲಿ ಕೆಳಗಿನ ಗುಂಪಿಗೆ ಹಾಕುವವರ ಪ್ರಮಾಣವನ್ನೇ ಏರಿಸಿದ್ದಾರೆ ಅಂತ ವರದಿಯಾಯಿತು. ಇದು ಪ್ರತಿವರ್ಷದ ಮೌಲ್ಯಮಾಪನ, ಉದ್ಯೋಗ ಕಡಿತಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ ಕಂಪನಿ ಹೇಳಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಗುತ್ತಿಗೆಯವರೂ ಸೇರಿ ಜಗತ್ತಿನಾದ್ಯಂತ ಸುಮಾರು 15 ಶೇಕಡಾ, ಅಂದರೆ 14,000ದಷ್ಟು ಜನ ಕಡಿಮೆಯಾಗಬಹುದು ಅಂತಲೂ ಹೇಳಿತು. ಎರಡನ್ನೂ ಪಕ್ಕಪಕ್ಕ ಇಟ್ಟು ನೀವೇ ಓದಿಕೊಳ್ಳಿ.

2025ರಲ್ಲಿ ಮತ್ತೊಂದು ಸುತ್ತು ಬಂತು. ಬಿಪಿ 4,700 ನೌಕರರು ಮತ್ತು 3,000 ಗುತ್ತಿಗೆ ಹುದ್ದೆಗಳನ್ನು ಕಡಿಮೆ ಮಾಡುವುದಾಗಿ ಹೇಳಿತು. ಶೆವ್ರಾನ್ 2026ರ ಕೊನೆಯೊಳಗೆ 15ರಿಂದ 20 ಶೇಕಡಾ ಅಂದಿತು. ಅದೇ ಶೆವ್ರಾನ್ 2024ರಲ್ಲಿ ಬೆಂಗಳೂರಿನಲ್ಲಿ ದೊಡ್ಡ ಕೇಂದ್ರ ಮಾಡಲು 100 ಕೋಟಿ ಡಾಲರ್ ಹಾಕುವುದಾಗಿ ಘೋಷಿಸಿತ್ತು. ಹಾಗಾಗಿ ನಮ್ಮ ಜಿಲ್ಲೆಯ ಹುಡುಗ ಹುಡುಗಿಯರು ಈಗ ಆ ಕಂಪನಿಗಳ ಒಳಗೆ ಜಾಸ್ತಿ ಜಾಸ್ತಿ ಹೋಗುತ್ತಿದ್ದಾರೆ. ಅಲ್ಲಿ ಕಡಿತ, ಇಲ್ಲಿ ನೇಮಕ. ಖುಷಿಯೇ. ಆದರೆ ಕೆಲಸದ ಜೊತೆ ಆ ಆರಿಸುವ ಪದ್ಧತಿಯೂ ವಿಮಾನ ಹತ್ತಿ ಬರುತ್ತದೆ.

ನಿಮ್ಮಲ್ಲಿ ಇರುವುದು ಯಾವ ತರದ್ದು, ಮೊದಲು ತಿಳಿದುಕೊಳ್ಳಿ

ಮೇಲೆ ಇಷ್ಟು, ನಡುವೆ ಇಷ್ಟು, ಕೆಳಗೆ ಇಷ್ಟು ಅಂತ ಮೊದಲೇ ಹಂಚಿಡುವುದಕ್ಕೆ ಬೆಲ್ ಕರ್ವ್ ಅನ್ನುತ್ತಾರೆ. ಆ ಹೆಸರು ಕೇಳಿದ ಕೂಡಲೇ ಹೆದರಬೇಡಿ. ಕೇಂದ್ರ ಸರ್ಕಾರದ ಕಂಪನಿಗಳಲ್ಲೂ ಇತ್ತು. ಸಾರ್ವಜನಿಕ ಉದ್ಯಮಗಳ ಇಲಾಖೆ 2008ರ ನವೆಂಬರ್‌ನಲ್ಲಿ ಹೊರಡಿಸಿದ ಆದೇಶದ ಪ್ರಕಾರ ಅಧಿಕಾರಿಗಳಲ್ಲಿ 10ರಿಂದ 15 ಶೇಕಡಾಕ್ಕಿಂತ ಹೆಚ್ಚಿನವರಿಗೆ ಅತ್ಯುತ್ತಮ ಅಂತ ಕೊಡುವಂತಿರಲಿಲ್ಲ, 10 ಶೇಕಡಾ ಜನರನ್ನು ಕೆಳದರ್ಜೆಗೆ ಹಾಕಬೇಕಿತ್ತು. ಈ ಕೆಳದರ್ಜೆಯ ಕಡ್ಡಾಯವನ್ನು 2017ರಲ್ಲಿ ತೆಗೆದರು. ಕಡ್ಡಾಯ ಇದ್ದಾಗಲೂ ಅಲ್ಲಿ ಕೆಳಗೆ ಬಿದ್ದವರು ಕಳೆದುಕೊಳ್ಳುತ್ತಿದ್ದದ್ದು ಆ ವರ್ಷದ ಕಾರ್ಯಕ್ಷಮತೆಯ ಹಣ. ಕುರ್ಚಿ ಹೋಗುತ್ತಿರಲಿಲ್ಲ. ಕದ್ರಾ, ಸೂಪಾ, ನಾಗಝರಿಯ ರಾಜ್ಯ ಸರ್ಕಾರಿ ವಿದ್ಯುತ್ ಕೇಂದ್ರಗಳಲ್ಲಿ ಕೆಲಸ ಮಾಡಿದ ಮಾವಂದಿರು "ರೇಟಿಂಗ್‌ಗೆಲ್ಲ ತಲೆ ಕೆಡಿಸಿಕೊಳ್ಳಬೇಡ ಮಾರಾಯಾ" ಅಂದರೆ ಅವರ ಅನುಭವ ಅವರದ್ದು. ನಿಮ್ಮ ಲೋಕ ಬೇರೆ.

ನಿಮ್ಮ ಕಂಪನಿಯಲ್ಲಿ ಮೂರು ವಿಷಯ ಕೇಳಿ ತಿಳಿದುಕೊಳ್ಳಿ. ಕೆಳಗಿನ ಗುಂಪಿಗೆ ಇಷ್ಟೇ ಜನ ಅಂತ ನಿಗದಿ ಇದೆಯಾ? ಇದ್ದರೆ ಅದನ್ನು ಎಷ್ಟು ಜನರ ಗುಂಪಿನ ಮೇಲೆ ಹಾಕುತ್ತಾರೆ? ಎರಡು ವರ್ಷ ಸತತ ಕೆಳಗೆ ಬಿದ್ದರೆ ಏನಾಗುತ್ತದೆ? ಮ್ಯಾನೇಜರ್ ಮೊದಲನೆಯದಕ್ಕೆ "ಹಾಗೇನೂ ಇಲ್ಲ, ಮಾರ್ಗದರ್ಶನ ಮಾತ್ರ" ಅನ್ನುತ್ತಾರೆ. ನಾನೂ ಐದು ವರ್ಷ ಹಾಗೇ ಹೇಳಿದ್ದೆ. ಎರಡನೇ ಪ್ರಶ್ನೆಗೆ ಬರುವ ಉತ್ತರ ಮುಖ್ಯ.

ಯಾಕೆ ಅಂದರೆ, ಲೆಕ್ಕ ನೋಡಿ. ನಾನೂರು ಜನರ ವಿಭಾಗದಲ್ಲಿ ನೂರಕ್ಕೆ ಹತ್ತು ಅಂದರೆ ನಲವತ್ತು ಜನ, ಅದರಲ್ಲಿ ನಿಜವಾಗಿ ಕೆಲಸ ಮಾಡದವರು ಒಂದಷ್ಟು ಜನ ಸಿಗಬಹುದು. ಎಂಟು ಜನರ ತಂಡದಲ್ಲಿ ನೂರಕ್ಕೆ ಹತ್ತು ಅಂದರೆ 0.8 ಮನುಷ್ಯ. ಉಳಿದ ಐದನೇ ಒಂದು ಭಾಗ ಮನುಷ್ಯನನ್ನು ಉಳಿಸಿಕೊಳ್ಳಲು ಆಗುವುದಿಲ್ಲವಲ್ಲ, ಒಬ್ಬ ಪೂರ್ತಿ ಹೋಗುತ್ತಾನೆ, ಅಲ್ಲಿಗೆ ಅದು ಹನ್ನೆರಡೂವರೆ ಶೇಕಡಾ ಆಯಿತು. ಎಂಟೂ ಜನ ಚಿನ್ನದಂಥವರಾಗಿದ್ದರೂ ಅಷ್ಟೇ.

ಇನ್ನೊಂದು ಲೆಕ್ಕ. ಸುಮ್ನೆ ಚೀಟಿ ಎತ್ತಿ ಪ್ರತಿವರ್ಷ ಹತ್ತರಲ್ಲಿ ಒಬ್ಬರನ್ನು ಕೆಳಗೆ ಹಾಕುತ್ತಾರೆ ಅಂದುಕೊಳ್ಳಿ. ಐದು ವರ್ಷ ಒಮ್ಮೆಯೂ ನಿಮ್ಮ ಚೀಟಿ ಬಾರದೆ ಇರುವ ಸಾಧ್ಯತೆ 59 ಶೇಕಡಾ ಮಾತ್ರ. ಅಂದರೆ ಹತ್ತು ಜನರಲ್ಲಿ ನಾಲ್ವರು ಐದು ವರ್ಷದಲ್ಲಿ ಒಮ್ಮೆಯಾದರೂ ಕೆಳಗೆ ಬಿದ್ದೇ ಬೀಳುತ್ತಾರೆ. ಕೆಳಗೆ ಬಿದ್ದ ರಾತ್ರಿ ಈ ಲೆಕ್ಕ ನೆನಪು ಮಾಡಿಕೊಳ್ಳಿ, ನಿದ್ದೆ ಬರಬಹುದು.

ಆ ಕೋಣೆಯಲ್ಲಿ ಆಗುವುದೇನು

ಇದನ್ನು ಯಾರೂ ಹೇಳುವುದಿಲ್ಲ, ಹಾಗಾಗಿ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಯಾರು ಯಾವ ಗುಂಪಿಗೆ ಅಂತ ತೀರ್ಮಾನ ಮಾಡುವ ಮೀಟಿಂಗ್‌ಗೆ ಕ್ಯಾಲಿಬ್ರೇಶನ್ ಮೀಟಿಂಗ್ ಅಂತ ಕರೆಯುತ್ತಾರೆ. ಆರೇಳು ಮ್ಯಾನೇಜರ್‌ಗಳು, ಒಬ್ಬ ದೊಡ್ಡ ಮ್ಯಾನೇಜರ್, ಒಬ್ಬರು ಎಚ್‌ಆರ್, ಗೋಡೆ ಮೇಲೆ ಒಂದು ಎಕ್ಸೆಲ್ ಹಾಳೆ. ನನ್ನ ಕೊನೆಯ ಮೀಟಿಂಗ್‌ನಲ್ಲಿ ನಲವತ್ತು ಹೆಸರಿದ್ದವು, ಸಮಯ ನಾಲ್ಕು ಗಂಟೆ. ತಲೆಗೆ ಆರು ನಿಮಿಷ ಆಯಿತಲ್ಲ ಅನ್ನಬೇಡಿ. ಮೇಲಿನ ಐದಾರು ಹೆಸರಿಗೆ ಎಲ್ಲರೂ ತಲೆಯಾಡಿಸುತ್ತಾರೆ, ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ನಡುವಿನವರ ಮೇಲೆ ಒಂದೊಂದು ನಿಮಿಷ. ಉಳಿದ ಹೊತ್ತೆಲ್ಲ ಕೆಳಗಿನ ಗೆರೆಯ ಆಚೀಚೆ ಇರುವ ಏಳೆಂಟು ಹೆಸರಿನ ಮೇಲೆ ಹೋಗುತ್ತದೆ. ನಾಲ್ವರು ಬೇಕು, ಏಳು ಹೆಸರಿದೆ. ಅಲ್ಲಿ ನಡೆಯುವುದು ಬಂದರಿನ ಮೀನು ಹರಾಜಿನ ತರದ್ದೇ ಕೆಲಸ. ಬುಟ್ಟಿಯಲ್ಲಿರುವುದು ಅದೇ ಬಂಗಡೆ, ಆದರೆ ಅವತ್ತು ಎಷ್ಟು ದೋಣಿ ಬಂದಿವೆ, ಯಾರ ದನಿ ಜೋರು ಅನ್ನುವುದರ ಮೇಲೆ ರೇಟು.

ನಾನು ಕಂಡಂತೆ ಗೆರೆಯ ಕೆಳಗೆ ಜಾರುವವರು ಯಾರು ಗೊತ್ತಾ? ಅದೇ ವರ್ಷ ತಂಡ ಬದಲಾಯಿಸಿದವರು, ಯಾಕೆ ಅಂದರೆ ಹಳೆಯ ಮ್ಯಾನೇಜರ್‌ಗೆ ಈಗ ಅವರು ಬೇಡ, ಹೊಸ ಮ್ಯಾನೇಜರ್‌ಗೆ ಇನ್ನೂ ಗೊತ್ತಿಲ್ಲ. ಹೆರಿಗೆ ರಜೆಯಿಂದ ಬಂದವರು, ಕಾಯಿಲೆ ಬಿದ್ದು ಎದ್ದವರು. ಇದು ತಪ್ಪು, ಎಲ್ಲರಿಗೂ ಗೊತ್ತು, ಆದರೂ "ಈ ವರ್ಷ ಅವರ ಕೊಡುಗೆ ಕಡಿಮೆ" ಅನ್ನುವ ಮಾತು ಮೆತ್ತಗೆ ಬಂದು ಕೂರುತ್ತದೆ. ಮ್ಯಾನೇಜರ್‌ನೇ ಹೊಸಬನಾಗಿದ್ದರೆ ಅವನ ತಂಡದವರು. ಬಾಯಿ ಸತ್ತ ಮ್ಯಾನೇಜರ್‌ನ ತಂಡದವರು. ಮತ್ತೆ, ಹೂಸ್ಟನ್‌ನಲ್ಲೋ ಲಂಡನ್‌ನಲ್ಲೋ ಕೂತ ದೊಡ್ಡ ಮ್ಯಾನೇಜರ್ "ಇವರು ಯಾರು? ನಾನು ಹೆಸರೇ ಕೇಳಿಲ್ಲ" ಅಂದರೆ ಆ ಹೆಸರು ಮುಕ್ಕಾಲು ಪಾಲು ಹೋದ ಹಾಗೆ.

ನನಗೆ ಈಗಲೂ ಚುಚ್ಚುವುದು ಒಂದು ಹೆಸರು. ಪೈಪ್‌ಲೈನ್ ತಪಾಸಣೆಯ ಡೇಟಾ ನೋಡಿಕೊಳ್ಳುತ್ತಿದ್ದವರು. ತಣ್ಣಗೆ ಕೆಲಸ ಮಾಡುವ ಜನ. ನಾನು ಅವರ ಪರ ಎರಡು ಮಾತಾಡಿದೆ, ಮೂರನೆಯದಕ್ಕೆ ನನ್ನ ಹತ್ತಿರ ಸಂಖ್ಯೆ ಇರಲಿಲ್ಲ. ಎದುರಿನವನ ಹತ್ತಿರ ಇತ್ತು. ಅವರು ಹೋದರು, ಅವನ ಹುಡುಗ ಉಳಿದ. ಕೆಲಸದಲ್ಲಿ ಅವರಿಬ್ಬರ ನಡುವೆ ಕೂದಲಷ್ಟೂ ವ್ಯತ್ಯಾಸ ಇರಲಿಲ್ಲ.

ಹಾಗಾದರೆ ಮಾಡಬೇಕಾದ್ದು

ನೀವಿಲ್ಲದ ಕೋಣೆಯಲ್ಲಿ ನಿಮ್ಮ ಪರವಾಗಿ ಒಬ್ಬರು ಎರಡು ನಿಮಿಷ ಮಾತಾಡುತ್ತಾರೆ. ಆ ಎರಡು ನಿಮಿಷದ ಮಾತನ್ನು ನೀವೇ ಬರೆದುಕೊಡಬೇಕು. ವರ್ಷವಿಡೀ ಮಾಡುವ ಕೆಲಸದಷ್ಟೇ ಇದೂ ಕೆಲಸ ಅಂತ ತಿಳಿಯಿರಿ, ನಾಚಿಕೆ ಬೇಡ. ನಮ್ಮ ಕಡೆಯವರಿಗೆ ಇದು ಬರುವುದಿಲ್ಲ. ಮನೆಗೆ ಬಂದವರಿಗೆ ಹಬ್ಬದ ಊಟ ಹಾಕಿ "ಏನೂ ಮಾಡಿಲ್ಲ, ಹಾಗೇ ಒಂದು ಅನ್ನ ಸಾರು" ಅನ್ನುವ ಜನ ನಾವು. ಅಪ್ರೈಸಲ್ ಫಾರ್ಮ್‌ನಲ್ಲೂ ಹಾಗೇ ಬರೆದರೆ ಮ್ಯಾನೇಜರ್ ಅನ್ನ ಸಾರು ಅಂತಲೇ ಓದುತ್ತಾನೆ.

ಒಂದೇ ಪುಟ ಬರೆಯಿರಿ. ಮೂರು ಕೆಲಸ ಸಾಕು. ಪ್ರತಿ ಕೆಲಸಕ್ಕೆ ಒಂದು ಸಂಖ್ಯೆ ಇರಲಿ: ಉಳಿದ ಹಣ, ಉಳಿದ ಗಂಟೆ, ತಪ್ಪಿಸಿದ ಶಟ್‌ಡೌನ್, ಮುಚ್ಚಿದ ಸುರಕ್ಷತಾ ದೋಷಗಳು, ಯಾವುದಾದರೂ. "ನಿರ್ವಹಣಾ ವರದಿಗಳನ್ನು ಸುಧಾರಿಸಿದೆ" ಅಂತ ಬರೆದರೆ ಅದು ಗಾಳಿ. "ಮೂರು ದಿನ ಹಿಡಿಯುತ್ತಿದ್ದ ಪಂಪ್ ವರದಿ ಈಗ ಅರ್ಧ ದಿನಕ್ಕೆ ಬರುತ್ತದೆ, ಜೂನ್‌ನಿಂದ ಎರಡು ಪ್ಲಾಂಟ್‌ಗಳು ಅದನ್ನೇ ಬಳಸುತ್ತಿವೆ" ಅಂದರೆ ಮ್ಯಾನೇಜರ್ ಅದನ್ನು ಹಾಗೇ ಬಾಯಿಪಾಠ ಹೇಳಬಹುದು. ಅವನಿಗೆ ಬೇಕಾದ್ದೂ ಅದೇ. ಹತ್ತು ಜನರ ಬಗ್ಗೆ ಮಾತಾಡಬೇಕಾದವನಿಗೆ ಸಿದ್ಧ ವಾಕ್ಯ ಕೊಟ್ಟವರು ದೇವರು.

ಏನೂ ಆಗದಂತೆ ನೋಡಿಕೊಳ್ಳುವುದೇ ನಿಮ್ಮ ಕೆಲಸವಾಗಿದ್ದರೆ ಕಷ್ಟ ಜಾಸ್ತಿ. ಎನರ್ಜಿ ಕಂಪನಿಯಲ್ಲಿ ಅರ್ಧ ಜನ ಅಂಥವರೇ: ಸುರಕ್ಷತೆ, ತಪಾಸಣೆ, ಮೆಂಟೆನನ್ಸ್. ಅನಾಹುತ ಆಗಲಿಲ್ಲ ಅನ್ನುವುದು ಎಕ್ಸೆಲ್ ಹಾಳೆಯಲ್ಲಿ ಕಾಣುವುದಿಲ್ಲ. ಕೈಗಾದವರಿಂದ ಇದನ್ನು ಕಲಿಯಬೇಕು. ಅಲ್ಲಿನ ಒಂದನೇ ಘಟಕ 962 ದಿನ ನಿಲ್ಲದೆ ಓಡಿತು, 2018ರ ಡಿಸೆಂಬರ್ 31ರಂದು ನಿಲ್ಲಿಸಿದರು, ಆಗ ಅದು ವಿಶ್ವದಾಖಲೆ. ಎಷ್ಟೋ ಜನ ಸೇರಿ ಏನೂ ಆಗದಂತೆ ನೋಡಿಕೊಂಡದ್ದನ್ನು ಅವರು ದಿನದ ಲೆಕ್ಕದಲ್ಲಿ ಎಣಿಸಿದರು, ಹಾಗಾಗಿ ಅದು ಪೇಪರಿನಲ್ಲಿ ಬಂತು. ನೀವೂ ಎಣಿಸಿ. ಎಷ್ಟು ದಿನ ಅಲಾರಾಂ ಇಲ್ಲದೆ ಓಡಿತು, ಎಷ್ಟು ದೋಷ ಮೊದಲೇ ಹಿಡಿದಿರಿ, ಹಿಡಿಯದಿದ್ದರೆ ಪ್ಲಾಂಟ್ ಎಷ್ಟು ಗಂಟೆ ನಿಲ್ಲುತ್ತಿತ್ತು.

ಆ ಪುಟವನ್ನು ಕೊಡುವ ಸಮಯ ಮುಖ್ಯ. ಅಪ್ರೈಸಲ್ ಫಾರ್ಮ್ ಬರುವ ಹೊತ್ತಿಗೆ ಮ್ಯಾನೇಜರ್ ತಲೆಯಲ್ಲಿ ಪಟ್ಟಿ ತಯಾರಾಗಿರುತ್ತದೆ. ಒಂದೂವರೆ ಎರಡು ತಿಂಗಳು ಮೊದಲೇ, ಚಹಾ ಕುಡಿಯುವಾಗ, "ಸರ್, ಈ ವರ್ಷ ನಾನು ಎಲ್ಲಿದ್ದೇನೆ? ಗೆರೆ ಹತ್ತಿರ ಇದ್ದೇನಾ?" ಅಂತ ನೇರವಾಗಿ ಕೇಳಿ. ಬಾಯಿಂದ ಬರುವ ಉತ್ತರಕ್ಕಿಂತ ಮುಖ ನೋಡಿ. ಆಮೇಲೆ ಪುಟ ಕಳಿಸಿ.

ಇನ್ನೊಂದು ಬೇಕು, ಅದು ಎರಡನೇ ದನಿ. ನಿಮ್ಮ ಮ್ಯಾನೇಜರ್ ಬಿಟ್ಟು ಆ ಕೋಣೆಯಲ್ಲಿ ಕೂರುವ ಇನ್ನೊಬ್ಬರಿಗಾದರೂ ನಿಮ್ಮ ಕೆಲಸ ಗೊತ್ತಿರಬೇಕು. ಅವರ ತಂಡಕ್ಕೆ ಒಂದು ಉಪಕಾರ ಮಾಡಿರಿ, ಅದನ್ನು ಅವರು ಇಮೇಲ್‌ನಲ್ಲಿ ನಿಮ್ಮ ಮ್ಯಾನೇಜರ್‌ಗೂ ಸೇರಿಸಿ ಬರೆಯುವಂತೆ ಕೇಳಿರಿ. ಕೇಳಿದರೆ ಬರೆಯುತ್ತಾರೆ, ಕೇಳದಿದ್ದರೆ ಯಾರೂ ಬರೆಯುವುದಿಲ್ಲ. "ಹೌದು, ಆ ಹುಡುಗಿ ನಮಗೂ ಸಹಾಯ ಮಾಡಿದ್ದಾಳೆ" ಅನ್ನುವ ಒಂದು ಮಾತು ಗೆರೆ ಹತ್ತಿರ ಇದ್ದ ಹೆಸರನ್ನು ಮೇಲೆತ್ತಿದ್ದನ್ನು ಕಣ್ಣಾರೆ ಕಂಡಿದ್ದೇನೆ, ಒಂದಲ್ಲ, ಮೂರು ಸಲ.

ಪಕ್ಕದವರ ಕಾಲೆಳೆಯುವ ಉಪಾಯ ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. ನೀತಿಯ ಮಾತು ಹಾಗಿರಲಿ, ಅದು ಕೆಲಸ ಮಾಡುವುದಿಲ್ಲ. ಎಂಟು ಜನರ ತಂಡದಲ್ಲಿ ಯಾರು ಏನು ಮಾಡಿದರು ಅಂತ ವಾರದೊಳಗೆ ಎಲ್ಲರಿಗೂ ಗೊತ್ತಾಗುತ್ತದೆ.

ರ‍್ಯಾಂಕಿಂಗ್ ಹೋಗಿ ಲೇಆಫ್ ಆಗಿರುವ ಸೂಚನೆ

ಮೇಲೆ ಹೇಳಿದ್ದೆಲ್ಲ ಮಾಮೂಲಿ ವರ್ಷಕ್ಕೆ. ಕೆಲವು ವರ್ಷ ಕಂಪನಿಗೆ ನಿಜವಾಗಿಯೂ ಜನ ಕಡಿಮೆಯಾಗಬೇಕಿರುತ್ತದೆ, ಆದರೆ ಲೇಆಫ್ ಅನ್ನುವ ಶಬ್ದ ಬೇಡವಾಗಿರುತ್ತದೆ. ಪೇಪರಿನಲ್ಲಿ ಬರುತ್ತದೆ, ಪರಿಹಾರ ಕೊಡಬೇಕಾಗುತ್ತದೆ, ಹೊಸಬರು ಸೇರಲು ಹೆದರುತ್ತಾರೆ. ಆಗ ರೇಟಿಂಗ್ ಕೈಗೆ ಬರುತ್ತದೆ. ಜನರನ್ನು ಕಂಪನಿ ತೆಗೆಯಲಿಲ್ಲ, ಅವರ ಕೆಲಸವೇ ಸರಿ ಇರಲಿಲ್ಲ ಅಂತಾಗುತ್ತದೆ.

ಮೊದಲ ಸೂಚನೆ ಆಫೀಸಿನ ಹೊರಗಿದೆ: ಕಚ್ಚಾ ತೈಲದ ಬೆಲೆ. 2014ರ ಜೂನ್‌ನಲ್ಲಿ ಬ್ರೆಂಟ್ ಅನ್ನುವ ಕಚ್ಚಾ ತೈಲ ಬ್ಯಾರೆಲ್‌ಗೆ 110 ಡಾಲರ್ ದಾಟಿತ್ತು, 2016ರ ಜನವರಿಯಲ್ಲಿ 30ಕ್ಕಿಂತ ಕೆಳಗೆ ಬಿತ್ತು. 2020ರ ಏಪ್ರಿಲ್ 20ರಂದು ಅಮೆರಿಕದ ತೈಲದ ಫ್ಯೂಚರ್ಸ್ ಬೆಲೆ (ಮುಂದೆ ಕೊಡುವ ಮಾಲಿಗೆ ಈಗಲೇ ಕುದುರಿಸುವ ಬೆಲೆ) ಸೊನ್ನೆಗಿಂತ ಕೆಳಗೆ, ಮೈನಸ್ 37 ಡಾಲರ್‌ಗೆ ಹೋಯಿತು. ಎರಡೂ ಸಲ ತೈಲ ಕಂಪನಿಗಳಲ್ಲಿ ಸಾವಿರಗಟ್ಟಲೆ ಜನ ಮನೆಗೆ ಹೋದರು. ಅಡಿಕೆ ರೇಟು ಬಿದ್ದ ವರ್ಷ ತೋಟದ ಕೆಲಸಕ್ಕೆ ಆಳು ಕಡಿಮೆ ಕರೆಯುತ್ತೇವಲ್ಲ, ಆಳು ಸರಿ ಇಲ್ಲ ಅಂತ ಹೇಳುವುದಿಲ್ಲ ಅಷ್ಟೇ. ದೊಡ್ಡ ಕಂಪನಿ ವಿಲೀನವಾದರೂ ಇದೇ ಕತೆ, ಒಂದೇ ಕುರ್ಚಿಗೆ ಇಬ್ಬರಿರುತ್ತಾರೆ.

ಒಳಗಿನ ಸೂಚನೆಗಳು: ಕೆಳಗಿನ ಗುಂಪಿನ ಪ್ರಮಾಣ ಹೋದ ವರ್ಷಕ್ಕಿಂತ ಏರುವುದು. ರೇಟಿಂಗ್‌ಗಳ ಹೆಸರು ಇದ್ದಕ್ಕಿದ್ದಂತೆ ಬದಲಾಗುವುದು. ಬಿಟ್ಟವರ ಜಾಗಕ್ಕೆ ಜನ ತೆಗೆದುಕೊಳ್ಳದೇ ಇರುವುದು. ವಾರವಾರ ಮಾತಾಡುತ್ತಿದ್ದ ಮ್ಯಾನೇಜರ್ ಮೀಟಿಂಗ್ ಮುಂದೂಡುತ್ತಾ ಹೋಗುವುದು, ಬಾಯಲ್ಲಿ ಹೇಳುತ್ತಿದ್ದ ಸಣ್ಣ ತಪ್ಪನ್ನೂ ಇಮೇಲ್‌ನಲ್ಲಿ ಬರೆಯಲು ಶುರು ಮಾಡುವುದು. ಈ ಕೊನೆಯದು ಬಂದರೆ ಅದು ನಿಮ್ಮ ಫೈಲಿಗೆ ಕಾಗದ ಸೇರಿಸುವ ಕೆಲಸ. ನಾನೇ ಬರೆದಿದ್ದೇನೆ ಅಂಥ ಇಮೇಲ್‌ಗಳನ್ನು, ಹಾಗಾಗಿ ವಾಸನೆ ಗೊತ್ತು.

ಎರಡು ಮೂರು ಸೂಚನೆ ಒಟ್ಟಿಗೆ ಕಂಡರೆ ಚೆನ್ನಾಗಿ ಕೆಲಸ ಮಾಡಿ ತೋರಿಸುತ್ತೇನೆ ಅನ್ನುವ ಹಟ ಬಿಡಿ. ರೆಸ್ಯೂಮೆ ಹೊರಗೆ ತೆಗೆಯಿರಿ. ಸಂಬಳ ಬರುತ್ತಿರುವಾಗ ಹುಡುಕುವ ಕೆಲಸಕ್ಕೂ, ಸಂಬಳ ನಿಂತ ಮೇಲೆ ಹುಡುಕುವ ಕೆಲಸಕ್ಕೂ ತುಂಬ ವ್ಯತ್ಯಾಸ.

ಪಿಐಪಿ ಕಾಗದ ಕೈಗೆ ಬಂದರೆ

ಪಿಐಪಿ ಅಂದರೆ ಪರ್ಫಾರ್ಮೆನ್ಸ್ ಇಂಪ್ರೂವ್‌ಮೆಂಟ್ ಪ್ಲಾನ್, ಕೆಳಗಿನ ರೇಟಿಂಗ್ ಬಂದವರಿಗೆ ಕೊಡುವ ಕೆಲಸ ಸುಧಾರಣಾ ಯೋಜನೆ. ಸಾಮಾನ್ಯವಾಗಿ ಎರಡು ಮೂರು ತಿಂಗಳದ್ದು. ಕೆಲವು ಕಡೆ ಜೊತೆಗೆ ಇನ್ನೊಂದು ಬಾಗಿಲನ್ನೂ ತೋರಿಸುತ್ತಾರೆ: ಇಷ್ಟು ತಿಂಗಳ ಸಂಬಳ ತೆಗೆದುಕೊಂಡು ಈಗಲೇ ಹೋಗಿ ಅಂತ.

ಅವತ್ತೇ ಸಹಿ ಮಾಡಬೇಡಿ. ಇದೊಂದು ನೆನಪಿಟ್ಟುಕೊಂಡರೂ ಸಾಕು. "ಓದಿ ನಾಡಿದ್ದು ಹೇಳುತ್ತೇನೆ" ಅನ್ನಿ. ನನಗೆ ಕಾಗದ ಕೊಟ್ಟ ದಿನ ಮಧ್ಯಾಹ್ನ ಮೂರು ಗಂಟೆಗೆ ಕರೆದು ಐದರೊಳಗೆ ಸಹಿ ಬೇಕು ಅಂದರು. ನಾನು, ಇಷ್ಟು ವರ್ಷ ಬೇರೆಯವರಿಗೆ ಅದೇ ಕಾಗದ ಕೊಟ್ಟವನು, ಪೆನ್ನು ತೆಗೆದು ಸಹಿ ಹಾಕಿಬಿಟ್ಟೆ. ಅಷ್ಟು ಕೈ ನಡುಗುತ್ತಿತ್ತು. ಒಂದು ದಿನ ತಡೆದಿದ್ದರೆ ಇನ್ನೊಂದು ತಿಂಗಳ ಸಂಬಳ ಕೇಳಬಹುದಿತ್ತು ಅಂತ ಆಮೇಲೆ ಗೊತ್ತಾಯಿತು.

ಮನೆಗೆ ಹೋಗಿ ಗುರಿಗಳನ್ನು ಓದಿ. ಅಳೆಯಲು ಆಗುವಂಥವಾ? ನಿಮ್ಮ ಕೈಯಲ್ಲಿರುವಂಥವಾ? "ನಾಯಕತ್ವ ತೋರಿಸಬೇಕು", "ಪ್ರಭಾವ ಹೆಚ್ಚಿಸಬೇಕು" ಅಂತ ಬರೆದಿದ್ದರೆ ಅದು ಪಾಸಾಗಲು ಬರೆದ ಪರೀಕ್ಷೆ ಅಲ್ಲ. ದಿನಾಂಕ, ಸಂಖ್ಯೆ, ಯಾರು ಪರಿಶೀಲಿಸುತ್ತಾರೆ ಅನ್ನುವುದು ಇದ್ದರೆ ಒಂದು ಅವಕಾಶ ಇದೆ. ಅದರ ಜೊತೆ, ಕಳೆದ ವರ್ಷ ಇಲ್ಲಿ ಪಿಐಪಿ ಮುಗಿಸಿ ಉಳಿದವರು ಯಾರಾದರೂ ಇದ್ದಾರಾ ಅಂತ ಮೆಲ್ಲಗೆ ವಿಚಾರಿಸಿ. ಒಬ್ಬರ ಹೆಸರೂ ಯಾರ ಬಾಯಲ್ಲೂ ಬರದಿದ್ದರೆ ಹಣದ ಬಾಗಿಲಿನ ಕಡೆ ನಡೆಯಿರಿ.

ಆ ಕಡೆ ಹೋಗುವಾಗ ಚೌಕಾಸಿ ಮಾಡಿ. ಮೊದಲು ಹೇಳಿದ ಮೊತ್ತ ಯಾವತ್ತೂ ಕೊನೆಯ ಮೊತ್ತ ಆಗಿರುವುದಿಲ್ಲ. ಸಂಬಳದ ತಿಂಗಳು ಕೂಡಿಸಲು ಒಪ್ಪದಿದ್ದರೆ ಕೊನೆಯ ದಿನಾಂಕ ಮುಂದೆ ಹಾಕಲು ಕೇಳಿ. ಗ್ರಾಚುಟಿಗೆ ಕಾಯಂ ನೌಕರರಿಗೆ ಐದು ವರ್ಷ ಆಗಿರಬೇಕು, ನಿಮಗೆ ನಾಲ್ಕು ವರ್ಷ ಎಂಟು ತಿಂಗಳಾಗಿದ್ದರೆ ಆ ದಿನಾಂಕಕ್ಕೇ ಜಗಳ ಮಾಡಬೇಕು. ಲೆಕ್ಕ ಸುಲಭ: ಕೊನೆಯ ಸಂಬಳದ ಮೂಲವೇತನ ಮತ್ತು ಡಿಎ (2025ರ ನವೆಂಬರ್‌ನಿಂದ, ಇವೆರಡೂ ಸೇರಿ ಒಟ್ಟು ಸಂಬಳದ ಅರ್ಧಕ್ಕಿಂತ ಕಡಿಮೆ ಇದ್ದರೆ ಅರ್ಧವನ್ನೇ ಹಿಡಿಯಬೇಕು), ಗುಣಿಸು 15, ಗುಣಿಸು ವರ್ಷ, ಭಾಗಿಸು 26. ಮೂಲವೇತನ 60,000, ಎಂಟು ವರ್ಷ ಅಂದರೆ ಸುಮಾರು 2,77,000 ರೂಪಾಯಿ. ಎಚ್‌ಆರ್ ಇದನ್ನೇ ಪರಿಹಾರದ ಪ್ಯಾಕೇಜ್‌ನ ಭಾಗ ಅಂತ ತೋರಿಸಿದರೆ ಒಪ್ಪಬೇಡಿ, ಅದು ಹೇಗಿದ್ದರೂ ನಿಮ್ಮದೇ ದುಡ್ಡು.

ರಾಜೀನಾಮೆ ಬರೆಯುವ ಮೊದಲು ಇನ್ನೊಮ್ಮೆ ಯೋಚಿಸಿ. ಕಂಪನಿಯೇ ತೆಗೆದರೆ ಅದು ಕಾನೂನಿನ ಪ್ರಕಾರ ರಿಟ್ರೆಂಚ್‌ಮೆಂಟ್ ಆಗಬಹುದು. ಆಗ ಒಂದು ತಿಂಗಳ ನೋಟಿಸು, ಪೂರ್ತಿಯಾದ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಕೊಡಬೇಕು, ಸಾಮಾನ್ಯವಾಗಿ ಕೊನೆಗೆ ಸೇರಿದವರು ಮೊದಲು ಹೋಗಬೇಕು. ಸ್ವಂತ ಇಷ್ಟದಿಂದ ಬಿಟ್ಟೆ ಅಂತ ಬರೆದುಕೊಟ್ಟರೆ ಇದು ಯಾವುದೂ ಇಲ್ಲ. ಇಷ್ಟಕ್ಕೂ ಈ ರಕ್ಷಣೆ ಎಲ್ಲರಿಗೂ ಸಿಗುವುದಿಲ್ಲ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಮ್ಯಾನೇಜರ್ ಸ್ವರೂಪದ ಕೆಲಸ ಮಾಡುವವರು ಹೊರಗೆ, ತಿಂಗಳಿಗೆ 18,000 ರೂಪಾಯಿಗಿಂತ ಜಾಸ್ತಿ ಸಂಬಳದ ಮೇಲ್ವಿಚಾರಕರೂ ಹೊರಗೆ. ಆದರೆ ನೋಡುವುದು ವಿಸಿಟಿಂಗ್ ಕಾರ್ಡ್ ಮೇಲಿನ ಹೆಸರನ್ನಲ್ಲ, ನಿಜವಾಗಿ ಮಾಡುವ ಕೆಲಸವನ್ನು. ಕೈಕೆಳಗೆ ಒಬ್ಬರೂ ಇಲ್ಲದೆ ಡಿಸೈನ್ ಲೆಕ್ಕ ಹಾಕುತ್ತಾ ಕೂರುವ ಇಂಜಿನಿಯರ್‌ಗೆ "ಅಸಿಸ್ಟೆಂಟ್ ಮ್ಯಾನೇಜರ್" ಅಂತ ಹೆಸರಿಟ್ಟ ಮಾತ್ರಕ್ಕೆ ಎಲ್ಲ ಮುಗಿಯುವುದಿಲ್ಲ. ಕಾರ್ಮಿಕ ಕಾನೂನು ಗೊತ್ತಿರುವ ವಕೀಲರ ಹತ್ತಿರ ಒಂದು ಗಂಟೆ ಕೂರಿ. ಅದರ ಫೀಸು ದುಬಾರಿ ಅನಿಸಿದರೆ ನನ್ನ ಆ ಒಂದು ತಿಂಗಳ ಸಂಬಳ ನೆನಪು ಮಾಡಿಕೊಳ್ಳಿ.

ಕಾಗದದಲ್ಲಿ ಏನಿದೆ ನೋಡಿ: ಅನುಭವ ಪತ್ರದಲ್ಲಿ ರೇಟಿಂಗ್ ಬಗ್ಗೆ ಏನೂ ಬರೆಯುವುದಿಲ್ಲ ಅಂತ ಒಪ್ಪಿಸಿ. ಕಂಪನಿಯ ಆರೋಗ್ಯ ವಿಮೆ ಸಾಮಾನ್ಯವಾಗಿ ಕೊನೆಯ ದಿನಕ್ಕೇ ನಿಲ್ಲುತ್ತದೆ. ಅಪ್ಪ ಅಮ್ಮನ ಹೆಸರೂ ಅದರಲ್ಲಿದ್ದರೆ ಬಿಡುವ ಮೊದಲೇ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಲು ಅರ್ಜಿ ಕೊಡಿ. ನಿಮ್ಮ ಒಳ್ಳೆಯ ಅಪ್ರೈಸಲ್ ಪತ್ರಗಳು, ಸಂಬಳದ ಚೀಟಿಗಳ ಪ್ರತಿ ಇಟ್ಟುಕೊಳ್ಳಿ. ಆದರೆ ಡ್ರಾಯಿಂಗ್, ಡೇಟಾ, ಕ್ಲೈಂಟ್ ಪಟ್ಟಿ ಇಂಥದ್ದನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಬೇಡಿ. ಸಿಟ್ಟಿನಲ್ಲಿ ಹಾಗೆ ಮಾಡಿ, ಇದ್ದ ಪರಿಹಾರವನ್ನೂ ಕಳೆದುಕೊಂಡವರಿದ್ದಾರೆ.

ಆರಿಸಲು ಕೂರುವವರು ನೀವೇ ಆಗಿದ್ದರೆ

ಚಿಕ್ಕದಾಗಿ ಹೇಳಿಬಿಡುತ್ತೇನೆ. ಹೆಸರಿನ ಜೊತೆ ಸಂಖ್ಯೆ ತೆಗೆದುಕೊಂಡು ಹೋಗಿ, ನಾನು ಹೋಗಲಿಲ್ಲ. ರಜೆಯಲ್ಲಿದ್ದವರ ಹೆಸರು ಬಂದಾಗ "ಇವರು ದುಡಿದ ತಿಂಗಳ ಲೆಕ್ಕ ಮಾತ್ರ ನೋಡೋಣ" ಅಂತ ಜೋರಾಗಿ ಹೇಳಿ. ಒಬ್ಬರು ಹೇಳಿದರೆ ಉಳಿದವರು ಸುಮ್ಮನಾಗುತ್ತಾರೆ. ಹುದ್ದೆ ಕಡಿಮೆ ಮಾಡಲೇಬೇಕಿದ್ದರೆ ಹುದ್ದೆ ಕಡಿಮೆ ಮಾಡುತ್ತಿದ್ದೇವೆ ಅಂತಲೇ ಹೇಳಿ ಅಂತ ಮೇಲಿನವರಿಗೆ ಒಮ್ಮೆಯಾದರೂ ಬರೆಯಿರಿ. ಕೆಲಸ ಹೋದವನು ಇನ್ನೊಂದು ಕೆಲಸ ಹುಡುಕಿಕೊಳ್ಳುತ್ತಾನೆ, ನೀನು ಕೆಲಸಕ್ಕೆ ಬಾರದವನು ಅಂತ ಹೇಳಿಸಿಕೊಂಡವನು ಇಂಟರ್‌ವ್ಯೂನಲ್ಲಿ ತಲೆ ಎತ್ತಲು ಆರು ತಿಂಗಳು ಬೇಕು.

ಮನೆಯಲ್ಲಿ ಹೇಳುವುದು

ಕಾರವಾರದ ಹುಡುಗ ಇದನ್ನೇ ಮೊದಲು ಕೇಳಿದ್ದ, ನಾನು ಕೊನೆಗೆ ತಂದೆ. ಅವನಪ್ಪನಿಗೆ ಬೆಲ್ ಕರ್ವ್ ಚಿತ್ರ ಬಿಡಿಸಲು ಹೋಗಬೇಡ ಅಂದೆ. ಎಂಟು ಜನರಲ್ಲಿ ಒಬ್ಬರನ್ನು ತೆಗೆಯಬೇಕಿತ್ತು, ಚೀಟಿ ನನ್ನ ಹೆಸರಿಗೆ ಬಂತು, ಇಷ್ಟು ತಿಂಗಳ ಸಂಬಳ ಕೈಯಲ್ಲಿದೆ, ಇಂಥ ಕಡೆ ಹುಡುಕುತ್ತಿದ್ದೇನೆ, ಇಷ್ಟು ಹೇಳು. ಹಬ್ಬ ಮುಗಿದ ಮೇಲೆ ಹೇಳು, ಆದರೆ ಬೇರೆಯವರಿಂದ ಗೊತ್ತಾಗುವ ಮೊದಲು. ಅವನು ಗಣಪತಿ ಬಿಟ್ಟು ಬಂದ ರಾತ್ರಿ ಹೇಳಿದನಂತೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ಸಂಬಳ ಎಷ್ಟು ತಿಂಗಳದ್ದು ಅಂತ ಕೇಳಿ, ಅದು ಕಡಿಮೆಯಾಯಿತು, ಇನ್ನೂ ಕೇಳು ಅಂದರಂತೆ. ಯೂನಿಯನ್ ಕಂಡ ಮನುಷ್ಯ.

ಅವನು ಕೇಳಿದ. ಇನ್ನೊಂದೂವರೆ ತಿಂಗಳದ್ದು ಸಿಕ್ಕಿತು.

ಕೊನೆಯ ದಿನ ಲ್ಯಾಪ್‌ಟಾಪ್ ವಾಪಸ್ ಕೊಡುವ ಮೊದಲು ಒಂದು ಕೆಲಸ ಮಾಡಿ, ಇದನ್ನು ಹತ್ತರಲ್ಲಿ ಎಂಟು ಜನ ಮರೆಯುತ್ತಾರೆ. ಪಿಎಫ್‌ನ ಯುಎಎನ್ ಖಾತೆಗೆ (ಕೆಲಸ ಬದಲಾದರೂ ಬದಲಾಗದ ನಿಮ್ಮ ಪಿಎಫ್ ಸಂಖ್ಯೆ) ಜೋಡಿಸಿರುವ ಫೋನ್ ನಂಬರ್ ಕಂಪನಿಯ ಸಿಮ್‌ನದ್ದಾ, ನಿಮ್ಮದಾ ನೋಡಿಕೊಳ್ಳಿ. ಕಂಪನಿಯದಾಗಿದ್ದರೆ ಅವತ್ತೇ ಬದಲಾಯಿಸಿ, ಇಲ್ಲದಿದ್ದರೆ ಓಟಿಪಿ ಯಾರಿಗೋ ಹೋಗುತ್ತದೆ. ಎರಡು ತಿಂಗಳ ನಂತರವೂ ಕಂಪನಿ ನೀವು ಬಿಟ್ಟ ದಿನಾಂಕವನ್ನು ಪಿಎಫ್ ಪೋರ್ಟಲ್‌ನಲ್ಲಿ ಹಾಕದಿದ್ದರೆ ನೀವೇ ಹಾಕಬಹುದು, ಅದಕ್ಕೆ ಬೇಕಾಗುವುದು ಆಧಾರ್‌ಗೆ ಜೋಡಿಸಿದ ಫೋನಿಗೆ ಬರುವ ಓಟಿಪಿ.